ಬೆರೆಸದ ನೀರು

"ಈಜ ಬರತೈತೇನ್ರಿ ತಂಗ್ಯಾರ?" ಎಂದು ಗೈಡು ಕೇಳಿದ್ದು ಚಿನ್ನುವನ್ನು. "ಇಲ್ಲ" ಎಂದವನು ಅವಳ ಅಪ್ಪ ಶಶಿಕಾಂತ. ಅದೂ ಅವಳು ಬಾಯಿ ತೆರೆಯುವ ಮೊದಲೇ, ಬೆಳಗಿನ ಏಳು ಗಂಟೆಗೆ, ಗಜೇಂದ್ರಗಡದ ಬಸ್‌ಸ್ಟ್ಯಾಂಡಿನ ಎದುರು ನಿಂತ ಟೆಂಪೋದ ಬಾಗಿಲಲ್ಲಿ, ನಾಳೆ ಬೀಗರಾಗಬಹುದಾದವರ ಕಿವಿಗೆ ಬೀಳುವಂತೆ. ಗೈಡಿನ ಹೆಸರು ಸಾಜೀದ. ಮೂವತ್ತೈದರ ಗಟ್ಟಿ ಆಳು, ಕೊರಳಲ್ಲಿ ಸೀಟಿ, ಹೆಗಲಿಗೆ ಹಗ್ಗದ ಸುರುಳಿ. ಬೆಳಿಗ್ಗೆ ಜನರನ್ನು ತುಂಬಿಕೊಂಡು ಹೊರಟು, ಗುಡ್ಡ ಹತ್ತಿಸಿ, ದಬದಬಿಯ ಮಡುವಿನಲ್ಲಿ ಈಜಾಡಿಸಿ, ಮಧ್ಯಾಹ್ನದ ಊಟದ ಹೊತ್ತಿಗೆ ಇದೇ ಜಾಗದಲ್ಲಿ ತಂದು ಇಳಿಸುವುದು ಅವನ ಕಸುಬು. ದಬದಬಿ ಎಂದರೆ ಗುಡ್ಡದ ಆಚೆ ಮಗ್ಗುಲಿಗೆ ಮಳೆಗಾಲದಲ್ಲಿ ಎರಡು ತಿಂಗಳು ಬೀಳುವ ನೀರು. ಉಳಿದ ಹತ್ತು ತಿಂಗಳು ಅಲ್ಲಿ ಬರೀ ಕರೀ ಬಂಡೆ. ಸಾಜೀದ ಬಂದವರನ್ನೆಲ್ಲ ಎರಡೇ ಪಂಗಡ ಮಾಡಿದ್ದ: ಇಳಿಯೋರು, ಕುಂಡ್ರೋರು. "ಹಂಗಾರ ತಂಗ್ಯಾರೂ ಕುಂಡ್ರೋರು, ಸಾವಕಾರ್ರೂ ಕುಂಡ್ರೋರು" ಎಂದು ಚೀಟಿಯಲ್ಲಿ ಗೀಟು ಹಾಕಿಕೊಂಡ. ಐವತ್ತನಾಲ್ಕಕ್ಕೇ ತನ್ನನ್ನು ಕೇಳದೆ ಕುಂಡ್ರೋರಲ್ಲಿ ಸೇರಿಸಿದನಲ್ಲ ಎಂದು ಶಶಿಕಾಂತನಿಗೆ ಚುರುಕ್ಕೆಂದಿತು. ಮಗಳನ್ನು ತಾನೂ ಹಾಗೇ ಸೇರಿಸಿದ್ದು ಅವನಿಗೆ ಹೊಳೆಯಲಿಲ್ಲ. ಚಿನ್ನು ಏನೂ ಅನ್ನದೆ ಹತ್ತಿ ಕಿಟಕಿಯ ಪಕ್ಕ ಕೂತಳು.

ಇದೆಲ್ಲ ಚನ್ನವ್ವನ ಹಂಚಿಕೆ. ನರಗುಂದದ ಚನ್ನವ್ವ, ಹುಡುಗನ ತಾಯಿ, ಗಂಡ ತೀರಿಕೊಂಡ ಮೇಲೆ ಹದಿನೆಂಟು ಎಕರೆ ಹೊಲವನ್ನು ಒಬ್ಬಳೇ ನಿಂತು ಮಾಡಿಸಿದವಳು, ಫೋನಿನಲ್ಲೂ ಹೊಲದಾಚೆಯವರನ್ನು ಕೂಗುವ ದನಿಯಲ್ಲೇ ಮಾತಾಡುವವಳು. "ಅಣ್ಣಾರ, ನೋಡಾಕ ಬರೂದು, ಅವಲಕ್ಕಿ ತಿನ್ನೂದು, ಹುಡುಗಿ ತೆಲಿ ತೆಳಗ ಹಾಕ್ಕೊಂಡು ಕುಂಡ್ರೂದು, ಆಮ್ಯಾಲ ಫೋನ್ ಮಾಡ್ತೀವಂತ ಸುಳ್ಳ ಹೇಳಿ ಹೋಗೂದು, ಇದು ನನಗ ಸಾಕಾಗೇತ್ರಿ. ಎಲ್ಲಾರೂ ಕೂಡಿ ದಬದಬಿಗೆ ಹೋಗೂಣು. ಅರ್ಧಾ ದಿನ ಗುಡ್ಡಾ ಏರಿದ್ರ ಯಾರು ಎಂಥಾರಂತ ತಾನ ತಿಳೀತೈತಿ" ಎಂದಿದ್ದಳು. ಯಾರು ಎಂಥವರು ಎಂದು ತಿಳಿಯುವುದು ಯಾರಿಗೆ ಬೇಕಾಗಿದೆ? ಶಶಿಕಾಂತ "ಅಗದಿ ಚಲೋ ಆತ್ರಿ ಅಕ್ಕಾರ" ಎಂದು ಫೋನಿಟ್ಟ. ನೀರು ಎಂದ ಕೂಡಲೇ ಅವನಿಗೆ ಅನುಮಾನ. ಯಾರೋ ಇವರ ಕಿವಿ ಊದಿದ್ದಾರೆ, ನೀರಿಗೆ ಇಳಿಸಿ ಹುಡುಗಿಯ ಮೈ ನೋಡುವ ಉಪಾಯ ಇದು. ಚಿನ್ನುವಿಗೆ ಕೊರಳ ಹಿಂಬದಿಯಿಂದ ಎಡ ಹೆಗಲಿನವರೆಗೆ, ಅಲ್ಲಿಂದ ಬೆನ್ನಿನ ನಡುವಿನವರೆಗೆ, ಸುಟ್ಟ ಕಲೆ ಇದೆ. ಇಪ್ಪತ್ತೆರಡು ವರ್ಷದ ಕಲೆ. ಶಿರೋಳದ ಸಂಬಂಧ ಬಂದಾಗ ಶಶಿಕಾಂತ ಮೊದಲೇ ಹೇಳಿ ನೋಡಿದ್ದ. ಅವರು ಹೋಳಿಗೆ ಉಂಡು, ಕೈ ಒರೆಸಿಕೊಂಡು, "ಹುಡುಗಿ ಬಂಗಾರದಂಥಾಕಿ, ಆದ್ರ" ಎಂದಿದ್ದರು. ರೋಣದವರು ಆ 'ಆದ್ರ' ಅನ್ನುವಷ್ಟು ಮರ್ಯಾದೆಯನ್ನೂ ಕೊಡಲಿಲ್ಲ. ಈ ಸಲ ಹೇಳುವುದೇ ಬೇಡ ಎಂದು ಅವನು ಗಟ್ಟಿ ಮಾಡಿಕೊಂಡ. ಅರ್ಧ ದಿನ. ಅರ್ಧ ದಿನ ಒಂದು ಬೆನ್ನನ್ನು ಮುಚ್ಚಿಡುವುದು, ಮೂವತ್ತು ವರ್ಷ ಬಟ್ಟೆ ಅಂಗಡಿ ನಡೆಸಿದವನಿಗೆ ಎಷ್ಟರ ಕೆಲಸ?

ಅಂಗಡಿಯಿದ್ದ ನರೇಗಲ್ಲಿನಲ್ಲಿ ಅವನಷ್ಟು ಬಟ್ಟೆ ಬಲ್ಲವರು ಯಾರೂ ಇಲ್ಲ. ಯಾವುದು ಒಗೆದರೆ ಕುಗ್ಗುತ್ತದೆ, ಯಾವುದು ಬೆವರಿಗೆ ಬಣ್ಣ ಬಿಡುತ್ತದೆ, ಯಾವುದು ಒದ್ದೆಯಾದರೆ ಮೈಗೆ ಅಂಟಿ ಒಳಗಿನದನ್ನೆಲ್ಲ ತೋರಿಸುತ್ತದೆ, ಬೆರಳ ತುದಿಯಲ್ಲಿ ಹಿಡಿದೇ ಹೇಳಬಲ್ಲ. ಈ ದಿನಕ್ಕೆಂದು ಗಜೇಂದ್ರಗಡದ ಕೈಮಗ್ಗದ ದಪ್ಪ ಬಟ್ಟೆ ಆರಿಸಿದ್ದ, ಕುಂಕುಮದ ಬಣ್ಣದ್ದು. ಮುಚ್ಚು ಕೊರಳು, ತುಂಬು ತೋಳು. ಹೊಲಿದುಕೊಟ್ಟವಳು ಮುಮತಾಜಬಿ. ಚಿನ್ನು ಲಂಗ ಹಾಕುವ ಕಾಲದಿಂದ ಅವಳ ಅಳತೆ ತೆಗೆಯುತ್ತ ಬಂದವಳು, ಹೀಗಾಗಿ ಆ ಕಲೆಯ ಉದ್ದಗಲ ಇಂಚಿನ ಲೆಕ್ಕದಲ್ಲಿ ಗೊತ್ತಿದ್ದವಳು. ಅಂಗಿ ಕೊಡುವಾಗ ಮುಮತಾಜಬಿ, "ಇಷ್ಟ ಕೊಳ್ಳಿಗೆ ಹತ್ತಿ ಹೊಲದ್ರ ಹುಡುಗಿ ಉಸರಾ ಹ್ಯಾಂಗ ಆಡಬೇಕ್ರೀ ಸಾವಕಾರ್ರ" ಎಂದು ನಗದೆ ಹೇಳಿದ್ದಳು. ಉಸಿರು ಮದುವೆ ಆದ ಮೇಲೆ ಆಡಲಿ ಎಂದುಕೊಂಡಿದ್ದ ಅವನು. ಈಗ ಟೆಂಪೋದಲ್ಲಿ ಎರಡು ಸೀಟು ಹಿಂದಿನಿಂದ ಮಗಳ ಬೆನ್ನು ನೋಡಿದ. ಕೊರಳಪಟ್ಟಿ ಸರಿಯಾಗಿ ಕೂತಿತ್ತು. ಕೆಲಸ ಚೊಕ್ಕವಾಗಿತ್ತು.

ಊರು ದಾಟಿದ ಮೇಲೆ ಗುಡ್ಡದ ನೆತ್ತಿಯ ಮೇಲೆ ಗಾಳಿಯ ಫ್ಯಾನುಗಳು ಕಂಡವು. ಕೆಲವು ತಿರುಗುತ್ತಿದ್ದವು, ಕೆಲವು ಸುಮ್ಮನೆ ನಿಂತಿದ್ದವು. ಹುಡುಗ ಕಳಕೇಶ ನರಗುಂದದ ದನದ ದವಾಖಾನಿಯಲ್ಲಿ ನೌಕರಿಗಿದ್ದವನು. ಮೆತ್ತಗಿನ ಮನುಷ್ಯ, ಕೈ ದೊಡ್ಡವು. ಅವನು ಚಿನ್ನುವಿನ ಮುಂದಿನ ಸೀಟಿನಲ್ಲಿ ಅಡ್ಡ ತಿರುಗಿ ಕೂತು ಎಮ್ಮೆಯ ಹೆರಿಗೆ ಮಾಡಿಸಿದ ಕಥೆ ಹೇಳುತ್ತಿದ್ದ. ಚಿನ್ನು ನಗುತ್ತಿದ್ದಳು. ಈ ನಗು ಮನೆಯಲ್ಲಿ ಯಾಕಿಲ್ಲ ಎಂದು ಶಶಿಕಾಂತನಿಗೆ ಸಿಟ್ಟು ಬಂತು; ಹಿಂದೆಯೇ, ಎಮ್ಮೆಯ ಹೆರಿಗೆ ಕೇಳಿ ನಗುವವಳನ್ನು ಇವನು ಒಪ್ಪಬಹುದು ಎಂಬ ಆಸೆಯೂ ಬಂತು. ಮೊದಲಿಂದಲೂ ಅವನು ಹೀಗೇ, ಸಿಟ್ಟು ಮೊದಲು, ಉಳಿದದ್ದು ಆಮೇಲೆ. "ನಿಮ್ಮ ಮನ್ಯಾವ್ರನ್ನ ಯಾಕ ಕರಕೊಂಡ ಬರಲಿಲ್ಲರಿ?" ಎಂದಳು ಚನ್ನವ್ವ. "ನಿರ್ಮಲಾಗ ಮೊಣಕಾಲ ಬ್ಯಾನಿರಿ, ಗುಡ್ಡಾ ಏರಾಕ ಆಗೂದಿಲ್ಲ." ಖರೆ ಎಂದರೆ ನಿರ್ಮಲಾ ಬರಲು ಒಲ್ಲೆ ಅಂದಿದ್ದಳು. ಜೋಳದ ರೊಟ್ಟಿ, ಗುರೆಳ್ಳು ಚಟ್ನಿ, ಮೊಸರಿನ ಡಬ್ಬಿ ಕಟ್ಟಿಕೊಟ್ಟು, ಬಾಗಿಲಲ್ಲಿ ನಿಂತು, "ಮುಚ್ಚಿ ಮುಚ್ಚಿ ಎಲ್ಲೀತನಕ ಮುಚ್ಚತೀರಿ? ಕಟ್ಟಕೊಂಡಾಂವ ಬೆನ್ನ ನೋಡೂದಿಲ್ಲೇನು?" ಎಂದಿದ್ದಳು. ಅದು ಅವನಿಗೆ ಹೊಳೆಯದ್ದೇನಲ್ಲ. ಮದುವೆಯಾದ ಮೇಲೆ ನೋಡಿದರೆ ಅದು ಅವರ ಮನೆಯ ಕಲೆ. ಹೀಗೆ ಮನಸ್ಸಿನಲ್ಲಿ ಬಂದದ್ದಕ್ಕೆ ಅವನಿಗೆ ನಾಚಿಕೆಯಾಯಿತು, ಆದರೆ ಬಂದದ್ದು ಹೋಗಲಿಲ್ಲ.

ಟೆಂಪೋ ನಿಂತಲ್ಲಿಂದ ಹತ್ತುವುದು ಒಂದು ತಾಸಿನ ದಾರಿ. ಸಾಜೀದ ಮುಂದೆ, ಹಿಂದೆ ಹುಬ್ಬಳ್ಳಿಯಿಂದ ಬಂದ ನಾಲ್ಕು ಜನ, ಆಮೇಲೆ ಸೀರೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿದ ಚನ್ನವ್ವ, ಕಳಕೇಶ, ಚಿನ್ನು, ಕೊನೆಗೆ ಶಶಿಕಾಂತ. ಕಳ್ಳಿ, ತಂಗಟೆ, ಕಾಲಿಗೆ ಸಿಕ್ಕಿದರೆ ಉರುಳುವ ಕಲ್ಲು. ಎರಡು ಕಡೆ ಹಗ್ಗ ಹಿಡಿದು ಹತ್ತಬೇಕಿತ್ತು. ಎರಡನೆಯ ಕಡೆ ಶಶಿಕಾಂತನ ಕಾಲು ಜಾರಿ, ಅಂಡು ಊರಿ, ಪ್ಯಾಂಟಿನ ಹೊಲಿಗೆ ಟರ್ ಎಂದಿತು. ಸಾವಿರಾರು ಜನಕ್ಕೆ ಪ್ಯಾಂಟಿನ ಬಟ್ಟೆ ಹರಿದುಕೊಟ್ಟವನ ಪ್ಯಾಂಟು ಭಾವೀ ಅಳಿಯನ ಮುಂದೆ ಹರಿಯಿತು. ಕಳಕೇಶ ಕಂಕುಳಿಗೆ ಕೈಹಾಕಿ, ಕರುವನ್ನು ಎಬ್ಬಿಸುವಂತೆ ಎಬ್ಬಿಸಿದ. "ಸಾವಕಾಶ್ರಿ ಮಾಮಾರ." ಮಾಮಾರ ಅಂದನೆ? ಅಂದ. ಸಲುಗೆಗೆ ಅಂದನೋ, ಒಪ್ಪಿ ಅಂದನೋ. ಶಶಿಕಾಂತ ಅಂಗಿಯನ್ನು ಹೊರಗೆ ಎಳೆದು ಹರಿದದ್ದನ್ನು ಮುಚ್ಚಿಕೊಂಡ. ಚಿನ್ನು ಮೇಲಿನ ಬಂಡೆಯ ಮೇಲೆ ನಿಂತು ನೋಡುತ್ತಿದ್ದಳು. ಬಿಸಿಲಿಗೆ ಕುಂಕುಮದ ಬಣ್ಣದ ಅಂಗಿ ಬೆವೆತು, ಬೆನ್ನ ನಡುವೆ ಕರಿಯ ಪಟ್ಟೆಯಾಗಿತ್ತು. "ಸುಡತೈತ್ರಿ ಈ ಅಂಗಿ" ಎಂದಳು, ಯಾರಿಗೂ ಅಲ್ಲ ಎಂಬಂತೆ.

ಸುಡತೈತಿ ಅಪ್ಪಾ. ಇಪ್ಪತ್ತೆರಡು ವರ್ಷದ ಹಿಂದೆ, ಆ ಹೊತ್ತು ಬಚ್ಚಲು ಮನೆಯಲ್ಲಿ ನೀರು ಕಾಸುವ ಹಂಡೆಗೆ ಸುಣ್ಣ ಕೆಮ್ಮಣ್ಣು ಬಳಿದು, ಅದರ ಕೊರಳಿಗೆ ಹಿಂಡಲಕಾಯಿಯ ಬಳ್ಳಿ ಸುತ್ತಿದ್ದರು. ದೀಪಾವಳಿಯ ಎಣ್ಣೆ ಸ್ನಾನ. ಮುಂಜಾನೆ ಎದ್ದಾಗಿನಿಂದ ಅವನಿಗೂ ನಿರ್ಮಲಾಗೂ ಜಗಳ. ಅವಳ ತವರಿನವರು ಹಬ್ಬಕ್ಕೆ ಕೊಟ್ಟ ಧೋತರ ತನ್ನ ಅಂಗಡಿಯದೇ, ತನ್ನ ಅಂಗಡಿಯಲ್ಲೇ ಕೊಂಡು ತನಗೇ ಉಡುಗೊರೆ ಕೊಟ್ಟಿದ್ದಾರೆ, ಅದೂ ಸೋವಿಯದು ನೋಡಿ. ಈಗ ನೆನೆದರೆ ನಗಬೇಕು. ಆಗ ಅವನಿಗೆ ಮೈಯೆಲ್ಲ ಉರಿದಿತ್ತು. ಐದು ವರ್ಷದ ಕೂಸಿಗೆ ಎಣ್ಣೆ ತಿಕ್ಕುತ್ತಿದ್ದ ನಿರ್ಮಲಾ ತಂಬಿಗೆ ಕುಕ್ಕಿ, "ನಿಮ್ಮ ಮಗಳಿಗೆ ನೀವ ನೀರ ಹಾಕ್ರಿ" ಎಂದು ಎದ್ದು ಹೋದಳು. ಅವನು ತಂಬಿಗೆ ತೆಗೆದುಕೊಂಡು, ಗೋಡೆಯಾಚೆಯ ಹೆಂಡತಿಗೆ ಜವಾಬು ಕೊಡುತ್ತಲೇ, ಕುದಿಯುವ ಹಂಡೆಯಲ್ಲಿ ಅದ್ದಿ ಎತ್ತಿದ. ತಣ್ಣೀರಿನ ಬಕೀಟು ಪಕ್ಕದಲ್ಲೇ ಇತ್ತು. ಬೆರೆಸಲಿಲ್ಲ. ಹಾಕಿದ.

ಮೇಲೆ ಹತ್ತಿದ ಮೇಲೆ ಮೊದಲು ಸದ್ದು, ಆಮೇಲೆ ನೀರು. ಮೂರು ಆಳೆತ್ತರದಿಂದ ಬೀಳುತ್ತಿತ್ತು, ಕೆಳಗೆ ಮಡುವು ಹಸಿರಾಗಿತ್ತು. ಸಾಜೀದ ಸೀಟಿ ಊದಿ ಎಲ್ಲರನ್ನೂ ನಿಲ್ಲಿಸಿದ. ನೀರು ಬೀಳುವ ಜಾಗದ ಕೆಳಗೆ ಯಾರೂ ಹೋಗಬಾರದು, ಹಗ್ಗ ದಾಟಬಾರದು, ಈಜು ಬರದವರು ತೇಲುವ ಜಾಕೀಟು ಹಾಕಿಯೇ ಇಳಿಯಬೇಕು. "ಕುಂಡ್ರೋರು ಆ ಹಾಸುಗಲ್ಲಿನ ಮ್ಯಾಲ. ಕಾಲಷ್ಟ ನೀರಾಗ ಬಿಡ್ರಿ, ಮೀನಾ ಕಚಗುಳಿ ಇಡ್ತಾವು." ಕಳಕೇಶ ಕೇಸರಿ ಜಾಕೀಟು ಹಾಕಿಕೊಂಡು, ಹೆದರುತ್ತ, ಅಂಬೆಗಾಲು ಇಟ್ಟು ಇಳಿದ. ಅವನಿಗೆ ಈಜು ಬರುತ್ತಿರಲಿಲ್ಲ. ಅದನ್ನು ಮುಚ್ಚಿಡಬೇಕೆಂದೂ ಅವನಿಗೆ ಅನ್ನಿಸಿರಲಿಲ್ಲ. ಚನ್ನವ್ವ ಜಾಕೀಟು ಒಲ್ಲೆ ಅಂದಳು. "ನಾ ಮಲಪ್ರಭಾ ದಂಡಿ ಮ್ಯಾಲ ಹುಟ್ಟಿದಾಕಿ, ತಮ್ಮಾ. ನಮ್ಮವ್ವ ನನ್ನ ಹೊಳ್ಯಾಗ ಹಡದಿದ್ದಾಳು" ಎಂದು ಕಚ್ಚೆ ಬಿಗಿದು ದುಡುಮ್ಮನೆ ಹಾರಿದಳು. ಐವತ್ತಾರರ ಹೆಂಗಸು. ಹುಬ್ಬಳ್ಳಿಯವರು ಚಪ್ಪಾಳೆ ತಟ್ಟಿದರು. ಶಶಿಕಾಂತ ಹಾಸುಗಲ್ಲಿನ ಮೇಲೆ, ಪ್ಯಾಂಟಿನ ಹರಕು ಕಾಣದಂತೆ ಕಾಲು ಕೂಡಿಸಿ ಕೂತ. ಪಕ್ಕದಲ್ಲಿ ಚಿನ್ನು.

ಅವಳು ನೀರನ್ನು ನೋಡುತ್ತಿದ್ದ ರೀತಿ ಅವನಿಗೆ ಗೊತ್ತಿತ್ತು. ಒಂಬತ್ತು ವರ್ಷದವಳಿದ್ದಾಗ ಹೊಲದ ಭಾವಿಯಲ್ಲಿ ಅವಳಿಗೆ ಈಜು ಕಲಿಸಿದವನು ಅವನೇ. ಸುಡು ಮಧ್ಯಾಹ್ನ, ಆಳುಗಳು ಉಂಡು ಮಲಗಿದ ಹೊತ್ತು ನೋಡಿ, ಬೆನ್ನು ಯಾರ ಕಣ್ಣಿಗೂ ಬೀಳದಂತೆ. ಸೊಂಟಕ್ಕೆ ಬೆಂಡು ಕಟ್ಟಿ, ಗಂಟನ್ನು ಮೂರು ಸಲ ಎಳೆದು ನೋಡಿ, ಹಗ್ಗದ ತುದಿಯನ್ನು ತನ್ನ ಮುಂಗೈಗೆ ಸುತ್ತಿಕೊಂಡು ಮೆಟ್ಟಿಲ ಮೇಲೆ ನಿಲ್ಲುತ್ತಿದ್ದ. ಮೂರು ಸಲ. ಯಾವ ಅಪ್ಪನೂ ಅಷ್ಟು ಸಲ ಎಳೆದು ನೋಡುವುದಿಲ್ಲ. ಬೆಂಡು ಬಿಚ್ಚಿದ ದಿನ ಅವಳು ಒಬ್ಬಳೇ ಭಾವಿಯ ಈ ಗೋಡೆಯಿಂದ ಆ ಗೋಡೆಗೆ ಈಜಿ, ತಿರುಗಿ, ಬಾಯಲ್ಲಿ ನೀರು ತುಂಬಿಕೊಂಡು ಅವನ ಮೇಲೆ ಉಗುಳಿ ನಕ್ಕಿದ್ದಳು. ಆ ಬಿಸಿನೀರಿಗೆ ಈ ಈಜು ಸಮ ಆಯಿತು ಎಂದು ಆವತ್ತು ಅವನಿಗೆ ಅನ್ನಿಸಿತ್ತು. ಅವಳಿಗೆ ಹನ್ನೆರಡಾದಾಗ, ಇನ್ನು ದೊಡ್ಡವಳಾದಳು, ಸಾಕು ಎಂದು ಭಾವಿಯನ್ನೂ ಬಿಡಿಸಿದ್ದ. ಆಗಲೂ ಅವಳು ಏನೂ ಅಂದಿರಲಿಲ್ಲ. ಏನೂ ಅನ್ನದಿರುವುದನ್ನು ಅವಳು ಎಲ್ಲಿ ಕಲಿತಳು?

"ಬಾರವಾ, ಅಲ್ಲೇನ ಮುದುಕರಂಗ ಕುಂತಿ?" ಚನ್ನವ್ವ ನೀರೊಳಗಿಂದ ಕೂಗಿದಳು. "ಜಾಕೀಟ ಹಾಕ್ಕೊಂಡ ಬಾ, ನಾ ಹಿಡಕೋತೀನಿ."

"ಆಕಿಗೆ ನೀರಂದ್ರ ಅಂಜಿಕಿರಿ" ಎಂದ ಶಶಿಕಾಂತ. "ಸಣ್ಣಾಕಿದ್ದಾಗಿಂದ ಅಂಜತಾಳ. ನೆಗಡಿನೂ ಐತಿ."

ಎರಡು ಸುಳ್ಳು ಹೇಳಬಾರದಿತ್ತು, ಒಂದು ಸಾಕಿತ್ತು. ಚಿನ್ನು ಅವನ ಕಡೆ ನೋಡಿದಳು. ಅವನು ಕಾಣುವಂತೆ ಅಲ್ಲ, ರೆಪ್ಪೆಯಷ್ಟೇ ಅಲ್ಲಾಡುವಂತೆ ತಲೆ ಅಲ್ಲಾಡಿಸಿದ. ಅವಳು ಎದ್ದು ನಿಂತು, ಕೊರಳಪಟ್ಟಿಯ ಗುಂಡಿ ಬಿಚ್ಚಿದಳು. ಒಂದು, ಎರಡು, ಮೂರು. ಮುಮತಾಜಬಿ ಬಿಗಿಯಾಗಿ ಹೊಲಿದ ಗುಂಡಿಗಳು. ಅಂಗಿಯನ್ನು ತಲೆಯ ಮೇಲಿಂದ ತೆಗೆದು, ಮಡಿಕೆ ಮಾಡಿ, ಅವನ ತೊಡೆಯ ಮೇಲೆ ಇಟ್ಟಳು. ಒಳಗೆ ಕಪ್ಪು ಬಟ್ಟೆಯ, ತೋಳಿಲ್ಲದ, ಬೆನ್ನು ಅರ್ಧ ತೆರೆದ ಕುಪ್ಪಸದಂಥ ಅಂಗಿ. ಈಜಿಗೆಂದೇ ಹೊಲಿಸಿದ್ದು. ಹೊಲಿಗೆ ನೋಡಿದರೇ ಯಾರದೆಂದು ಅವನಿಗೆ ಗೊತ್ತಾಯಿತು. ಅವನು ಮುಚ್ಚು ಕೊರಳಿನ ಅಂಗಿ ಹೊಲಿಸುತ್ತಿದ್ದ ವಾರವೇ ಮಗಳು ಅದೇ ಮಷೀನಿನ ಮೇಲೆ ಇದನ್ನು ಹೊಲಿಸಿದ್ದಳು. "ಚಿನ್ನು" ಎಂದ. ಸಾಜೀದ, "ತಂಗ್ಯಾರ, ಜಾಕೀಟು" ಎಂದು ಓಡಿಬರುವಷ್ಟರಲ್ಲಿ ಅವಳು ಬಂಡೆಯ ತುದಿಯಿಂದ ಕೈ ಮುಂದೆ ಮಾಡಿ ಹಾರಿದ್ದಳು.

ನೀರೊಳಗೆ ಬಹಳ ಹೊತ್ತು ಇದ್ದಳು. ಸಾಜೀದ ಅಂಗಿ ತೆಗೆದು ತಾನೂ ಹಾರಲು ಸಜ್ಜಾಗಿದ್ದ, ಆಗ ಮಡುವಿನ ಆ ದಂಡೆಗೆ ಅವಳ ತಲೆ ಎದ್ದಿತು. "ಈಜ ಬರೂದಿಲ್ಲ ಅಂದ್ರೆಲ್ಲರಿ ಸಾವಕಾರ್ರ" ಎಂದ ಸಾಜೀದ, ಬೈಗುಳದಂತೆ ಅಲ್ಲ, ಆದರೆ ಎಲ್ಲರಿಗೂ ಕೇಳುವಂತೆ. ಹುಬ್ಬಳ್ಳಿಯವರು ಶಶಿಕಾಂತನ ಕಡೆ ನೋಡಿದರು. ಅವನು ತೊಡೆಯ ಮೇಲಿನ ಅಂಗಿಯ ಮಡಿಕೆಯನ್ನು ಸರಿಮಾಡುತ್ತ ಕೂತ, ಅಂಗಡಿಯಲ್ಲಿ ಗಿರಾಕಿ ಕೊಳ್ಳದೆ ಎದ್ದು ಹೋದಾಗ ಮಾಡುವಂತೆ. ಚಿನ್ನು ಬೆನ್ನು ಈ ಕಡೆ ಮಾಡಿ ಬಂಡೆ ಹಿಡಿದು ನಿಂತಿದ್ದಳು. ಬಿಸಿಲು ನೇರ ಅವಳ ಬೆನ್ನ ಮೇಲೆ. ಕಲೆ ಹೊಳೆಯುತ್ತಿತ್ತು. ಹದಿನೈದು ವರ್ಷದಿಂದ ಅವನೂ ಅದನ್ನು ನೋಡಿರಲಿಲ್ಲ. ಸಣ್ಣದಾಗಿರಬಹುದು, ಮಾಸಿರಬಹುದು ಎಂದುಕೊಂಡಿದ್ದ. ಹುಡುಗಿ ಬೆಳೆದಂತೆ ಅದೂ ಬೆಳೆದಿತ್ತು.

ಅವನು ಕಳಕೇಶನ ಮುಖ ನೋಡಿದ. ಕಳಕೇಶ ಜಾಕೀಟಿನೊಳಗೆ ತೇಲುತ್ತ, ಅವಳ ಬೆನ್ನು ನೋಡಿ, ಮುಗುಳುನಕ್ಕು, "ಭಾರಿ ಈಜತೀರಿ" ಎಂದ. ಅಷ್ಟೆ. ಹುಡುಗನಿಗೆ ಕಲೆಯ ವಿಷಯ ಮೊದಲೇ ಗೊತ್ತಿತ್ತು. ಫೋನಿನಲ್ಲೋ, ಗಜೇಂದ್ರಗಡದಲ್ಲಿ ಅವಳು ಪಾಠ ಹೇಳುವ ಕಾಲೇಜಿನ ಹತ್ತಿರ ಭೆಟ್ಟಿಯಾಗಿಯೋ, ಅವಳೇ ಹೇಳಿದ್ದಳು. ಹಾಗಾದರೆ ಈ ಮುಂಜಾನೆಯಿಂದ ತಾನು ಕಾದದ್ದು ಯಾರಿಂದ, ಏನನ್ನು? ಶಶಿಕಾಂತನಿಗೆ ಸಮಾಧಾನ ಆಗಬೇಕಿತ್ತು. ಆಗಲಿಲ್ಲ, ಭಯವಾಯಿತು. ಕಲೆ ಹೇಳಿದವಳು ಇನ್ನೇನು ಹೇಳಿದ್ದಾಳೆ?

ಚನ್ನವ್ವನಿಗೆ ಮಾತ್ರ ಗೊತ್ತಿರಲಿಲ್ಲ. ಅವಳು ಈಜಿ ಹೋಗಿ, ಹೊಲದ ಬದು ನೋಡಿದ ಹಾಗೆ ಆ ಬೆನ್ನನ್ನು ಹತ್ತಿರದಿಂದ ನೋಡಿ, ಒದ್ದೆ ಅಂಗೈಯನ್ನು ಅದರ ಮೇಲಿಟ್ಟಳು. "ಇದೇನವಾ ಇದು? ಯಾವಾಗ ಆತು?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರೆ. ಶಶಿಕಾಂತ ಎದ್ದೇ ನಿಂತ. "ಸಣ್ಣಾಕಿದ್ದಾಗ ಆಗಿದ್ರಿ ಅಕ್ಕಾರ" ಎಂದ, ನೀರಿನ ಸದ್ದಿನ ಮೇಲೆ ಕೂಗಿ. "ಹಬ್ಬದ ದಿವಸ. ಬಚ್ಚಲದಾಗ ಆಡಕೋತ ಹೋಗಿ ನೀರಿನ ಹಂಡೇ ಮೈಮ್ಯಾಲ ಎಳಕೊಂಡ್ಲು." ಇಪ್ಪತ್ತೆರಡು ವರ್ಷ ಹೇಳಿ ಹೇಳಿ ನುಣುಪಾದ ಮಾತು. ನಾಲಿಗೆ ತಾನೇ ಹೇಳುತ್ತಿತ್ತು.

ಚನ್ನವ್ವ ತಿರುಗಿ ಅವನ ಕಡೆ ನೋಡಿದಳು. "ಹಂಡೇ? ಒಲಿ ಮ್ಯಾಲ ಗಾರಿ ಹಾಕಿ ಕುಂಡ್ರಿಸಿದ ಹಂಡೇ ಕೂಸು ಹ್ಯಾಂಗ ಎಳಕೊಂತೈತ್ರಿ ಅಣ್ಣಾರ? ಎರಡ ಮಂದಿ ಗಂಡಸರ ಕೈಲೆ ಅದು ಅಳ್ಳಾಡೂದಿಲ್ಲ."

ಇಪ್ಪತ್ತೆರಡು ವರ್ಷದಲ್ಲಿ ಇದನ್ನು ಕೇಳಿದವರು ಯಾರೂ ಇರಲಿಲ್ಲ. ದವಾಖಾನಿಯವರು ಕೇಳಲಿಲ್ಲ, ಅವನ ಅವ್ವ ಕೇಳಲಿಲ್ಲ, ಓಣಿಯ ಹೆಂಗಸರು ಅಯ್ಯೋ ಎಂದು ಸುಮ್ಮನಾದರು. ಊರಿಗೆ ಹಂಡೆಯ ಕಥೆ. ನಿರ್ಮಲಾಗೆ ಮರೆವಿನ ಕಥೆ: ಸಿಟ್ಟಿನಲ್ಲಿದ್ದೆ, ಬೆರೆಸುವುದು ಮರೆತೆ. ಅದನ್ನು ಅವಳು ನಂಬಿದ್ದಳು, ತನ್ನ ಪಾಲಿನ ತಪ್ಪೂ ಅದರಲ್ಲಿದೆ ಎಂದು ಅತ್ತಿದ್ದಳು. ದವಾಖಾನಿಯ ಪಡಸಾಲೆಯಲ್ಲಿ ಒಂದೇ ಒಂದು ಸಲ, "ಮೊದಲ ತಂಬಿಗಿಗೆ ಕೂಸು ಏನೂ ಅನ್ನಲಿಲ್ಲೇನ್ರಿ?" ಎಂದು ಕೇಳಿದ್ದಳು. "ನನಗೇನೂ ಕೇಳಸಲಿಲ್ಲ" ಎಂದಿದ್ದ. ಕಾಟಿನ ಮೇಲೆ ಬೋರಲಾಗಿ ಮಲಗಿದ್ದ ಕೂಸಿನ ಕಣ್ಣು ತೆರೆದಿತ್ತು. ಕೇಳಿಸಿತ್ತು. ಸುಡತೈತಿ ಅಪ್ಪಾ ಎಂದದ್ದು ಚೆನ್ನಾಗಿ ಕೇಳಿಸಿತ್ತು. ಇದೂ ತಾಯಿಯ ಹಾಗೆಯೇ, ಎಲ್ಲದಕ್ಕೂ ರಾಗ ತೆಗೆಯುತ್ತದೆ ಎನ್ನಿಸಿ, "ಗಪ್ಪ ಕುಂದ್ರು" ಎಂದು ಎರಡನೆಯ ತಂಬಿಗೆ ಹಾಕಿದ್ದ. ಮೊದಲನೆಯದು ಬೆನ್ನಿನ ಮೇಲೆ ಬಿದ್ದಿತ್ತು. ಕೊರಳಿನದು, ಹೆಗಲಿನದು ಎರಡನೆಯದು.

"ಅಪ್ಪ ಹಾಕಿದ್ರು" ಎಂದಳು ಚಿನ್ನು. ಕೂಗಿ ಹೇಳಲಿಲ್ಲ, ಆದರೂ ಕೇಳಿಸಿತು. "ಎಣ್ಣಿ ಸ್ನಾನಾ ಮಾಡ್ಸಾಕತ್ತಿದ್ರು. ಏನೋ ಧ್ಯಾನದಾಗ ತಣ್ಣೀರು ಬೆರಸೂದು ಮರತ್ರು. ಹಂಡೇ ಅಂತ ಹೇಳೂದು ಮಂದಿಗಷ್ಟ."

ನೀರು ಬೀಳುತ್ತಲೇ ಇತ್ತು. ಶಶಿಕಾಂತ ಅಂಗಿಯನ್ನು ಎದೆಗೆ ಒತ್ತಿ ಹಿಡಿದು ನಿಂತಿದ್ದ, ಸುಳ್ಳುಗಾರ, ಹರಿದ ಪ್ಯಾಂಟಿನವನು. ಈಗ ಎಲ್ಲರೂ ಎದ್ದು ಹೋಗುತ್ತಾರೆ ಎಂದುಕೊಂಡ. ಆದರೆ ಚನ್ನವ್ವ ದಂಡೆಗೆ ಬಂದು, ನೀರು ಸೋರುವ ಸೀರೆಯಲ್ಲೇ ಬಂಡೆ ಹತ್ತಿ, ಅವನ ಮುಂದೆ ನಿಂತಳು. ಕಣ್ಣು ಕೆಂಪಾಗಿದ್ದವು. "ಅಯ್ಯ ಶಿವನ" ಎಂದಳು. "ಹೆತ್ತ ತಂದಿ ಕೈಯಾಗಿಂದ ಆಗಬಾರದ್ದು ಆತು. ಮರವು ಯಾರಿಗಿಲ್ಲರಿ? ಇಷ್ಟ ವರ್ಷ ಒಳಗ ಎಷ್ಟ ಕುದ್ದೀರಿ ನೀವು. ಅದಕ್ಕ ಮುಚ್ಚಿದ್ರಿ, ಹೌದಿಲ್ಲೊ? ನನ್ನಂಥಾ ಹುಚ್ಚಿ ಎಲ್ಲಾರ ಮುಂದ ಕೇಳಿದ್ನಿ." ಸೆರಗನ್ನು ಹಿಂಡುತ್ತ, "ನಂಬ್ರಿ, ನಮ್ಮ ಮನ್ಯಾಗ ಇದು ಒಂದ ಮಾತಲ್ಲ, ಬೀಗರ" ಎಂದಳು.

ಬೀಗರ ಎಂದಳು. ಅವನಿಗೆ ಅಳು ಬಂತು. ನಿಜವಾದ ಅಳು. ಕಣ್ಣೀರು ಗಲ್ಲದ ಮೇಲೆ ಇಳಿಯುತ್ತಿರುವಾಗಲೇ, ಅಳುವುದು ಚಲೋ ಆಯಿತು, ನೋಡಿದವರಿಗೆ ಪಶ್ಚಾತ್ತಾಪದಂತೆ ಕಾಣುತ್ತದೆ ಎಂದೂ ಹೊಳೆಯಿತು. ಮಡುವಿನೊಳಗಿಂದ ಚಿನ್ನು ಅದನ್ನು ನೋಡುತ್ತಿದ್ದಳು. ಅವಳಿಗೆ ಗೊತ್ತಿರುವುದು ಅವಳ ಅವ್ವ ಹೇಳಿದಷ್ಟೇ, ಐದು ವರ್ಷದ ಕೂಸಿಗೆ ಏನು ನೆನಪಿರುತ್ತದೆ ಎಂದು ತನಗೆ ತಾನೇ ಹೇಳಿಕೊಂಡ. ಮನಸ್ಸು ಹಗುರಾಗುತ್ತ ಬಂತು. ಹಾಸುಗಲ್ಲಿನ ಮೇಲೆ ಎಲ್ಲರೂ ರೊಟ್ಟಿ ತಿಂದರು. ಗುರೆಳ್ಳು ಚಟ್ನಿಯನ್ನು ಚನ್ನವ್ವ ಎರಡೆರಡು ಸಲ ಹಾಕಿಸಿಕೊಂಡಳು, ಹುಬ್ಬಳ್ಳಿಯವರಿಗೂ ಹಂಚಿದಳು. ಕಳಕೇಶ ಚಿನ್ನುವಿಗೆ ತನ್ನ ಟಾವೆಲ್ಲು ಕೊಟ್ಟ, ಅವಳು ಅದನ್ನು ಹೆಗಲ ಮೇಲೆ ಹೊದೆಯದೆ ತಲೆಗೆ ಸುತ್ತಿಕೊಂಡಳು. ಇಳಿಯುವಾಗ ಶಶಿಕಾಂತ ಒಮ್ಮೆಯೂ ಜಾರಲಿಲ್ಲ. ಸಾಜೀದನಿಗೆ, "ಭಾಳ ಚಲೋ ಕೆಲಸ ಮಾಡ್ತಿ ತಮ್ಮಾ" ಎಂದು ಬೆನ್ನು ತಟ್ಟಿದ.

ಟೆಂಪೋ ಹೊರಟಾಗ ಹನ್ನೆರಡು ದಾಟಿತ್ತು. ಚನ್ನವ್ವ ಡ್ರೈವರಿನ ಹಿಂದೆ ಕೂತು, ಸಕ್ಕರೆ ಹಂಚಿ ಮಾತು ಗಟ್ಟಿ ಮಾಡುವ ಕಾರ್ಯ ನವರಾತ್ರಿಗೆ ಮೊದಲೋ ಆಮೇಲೋ ಎಂದು ಎಲ್ಲರನ್ನೂ ಕೇಳುತ್ತಿದ್ದಳು. ಆಮೇಲೆ ಪೂರ್ತಿ ಹಿಂದಕ್ಕೆ ತಿರುಗಿ, "ಒಂದ ಮಾತ ನೋಡ್ರಿ ಬೀಗರ" ಎಂದಳು. "ಲಗ್ನಾದ ಮ್ಯಾಲ ಮೊದಲನೇ ದೀಪಾವಳಿಗೆ ಅಳಿಯಾಗ ಮಾವನ ಮನ್ಯಾಗ ಎಣ್ಣಿ ಸ್ನಾನ. ನಮ್ಮ ಕಳಕೇಶಗ ನೀರ ನೀವ ಹಾಕಬೇಕು. ಆದ್ರ ಕೈ ಮುಗೀತೀನಿ, ಬೆರಸಿ ಹಾಕ್ರಿ." ಟೆಂಪೋ ತುಂಬ ನಗು. ಕಳಕೇಶ ನಾಚಿ ನಕ್ಕ, ಸಾಜೀದ ನಕ್ಕ, ಏನೆಂದು ತಿಳಿಯದ ಡ್ರೈವರನೂ ನಕ್ಕ. ಶಶಿಕಾಂತನೂ ನಕ್ಕ. ಇಪ್ಪತ್ತೆರಡು ವರ್ಷದ್ದು ಒಂದು ಚೇಷ್ಟೆಯ ಮಾತಾಗಿ ಮುಗಿದುಹೋಯಿತು ಎಂದು ಅವನಿಗೆ ನಂಬಿಕೆ ಬರಲಿಲ್ಲ. "ಬೆರಸೇ ಹಾಕ್ತೀನ್ರಿ ಅಕ್ಕಾರ, ಬೆರಸೇ ಹಾಕ್ತೀನಿ" ಎಂದ, ನಗುತ್ತಲೇ.

ಈ ಸಲ ಚಿನ್ನು ಅವನ ಹಿಂದಿನ ಸೀಟಿನಲ್ಲಿದ್ದಳು. ಕುಂಕುಮದ ಬಣ್ಣದ ಅಂಗಿ ಇನ್ನೂ ಅವನ ತೊಡೆಯ ಮೇಲೇ ಇತ್ತು, ಅವಳು ವಾಪಸು ಕೇಳಿರಲಿಲ್ಲ. ನಗು ಇಳಿಯುವ ಮೊದಲೇ ಅವಳು ಮುಂದೆ ಬಾಗಿದಳು. ಒದ್ದೆ ಕೂದಲ ಒಂದು ಹನಿ ಅವನ ಕೊರಳ ಹಿಂಬದಿಗೆ ಬಿತ್ತು, ತಣ್ಣಗೆ.

"ಅಪ್ಪಾ, ನಾ ಒಂದ ತಂಬಿಗಿ ಅಷ್ಟ ಹೇಳೀನಿ."

ಒಂದೊಂದು ಅಕ್ಷರವೂ ಕೇಳಿಸಿತು. ಅವನು ತಿರುಗಲಿಲ್ಲ. ಡ್ರೈವರಿನ ಕನ್ನಡಿಯಲ್ಲಿ ಗುಡ್ಡದ ಫ್ಯಾನುಗಳು ಹಿಂದೆ ಸರಿಯುತ್ತಿದ್ದವು. ಏನಾದರೂ ಅನ್ನಬೇಕಿತ್ತು, ಅನ್ನುವುದು ಏನೆಂದೂ ಗೊತ್ತಿತ್ತು, ಅದಕ್ಕೆ ಒಂದೇ ಮಾತು ಸಾಕಿತ್ತು.

"ಏನಂದಿ ಚಿನ್ನು?" ಎಂದ. "ಗಾಡಿ ಸಪ್ಪಳದಾಗ ಕೇಳಸಲಿಲ್ಲ."

"ಹೌದ್ರಿ" ಎಂದಳು ಅವಳು, ಸಿಟ್ಟಿಲ್ಲದೆ, ತರಗತಿಯಲ್ಲಿ ಹುಡುಗರಿಗೆ ಹೇಳುವಷ್ಟೇ ಬಿಡಿಸಿ. "ಅವತ್ತೂ ನಿಮಗ ಕೇಳಸಿರಲಿಲ್ಲ."

ಸೀಟಿಗೆ ಒರಗಿ, ಕಿಟಕಿ ತೆಗೆದು, ಕೂದಲು ಒಣಗಿಸಿಕೊಳ್ಳತೊಡಗಿದಳು.